ಪ್ರೌಢವಯಸ್ಸಿನ ಅವಧಾನನ್ಯೂನತೆ: ತಾಲೂಕಿನ ದವಾಖಾನೆಯಿಂದ ಧಾರವಾಡದವರೆಗೆ



ಮನುಷ್ಯನ ಕ್ಲೇಶಗಳಲ್ಲಿ ಯಾವುದನ್ನು ವ್ಯಾಧಿಯೆಂದು ಗಣಿಸಿ ಶುಶ್ರೂಷೆಗೆ ಅರ್ಹವೆನ್ನಬೇಕು, ಯಾವುದನ್ನು ಸ್ವಭಾವದೋಷವೆಂದು ಬಗೆದು ನಿಂದೆಗೆ ಒಪ್ಪಿಸಬೇಕು ಎಂದು ನಿರ್ಣಯಿಸುವುದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಸಮಾಜದ ನ್ಯಾಯಬುದ್ಧಿಯ ಪ್ರಶ್ನೆಯೂ ಆಗಿರುತ್ತದೆ. ಇಂದು ನಾನು ವಿಚಾರಕ್ಕೆ ಎತ್ತಿಕೊಂಡಿರುವ ವಿಷಯವು ಈ ಎರಡರ ಗಡಿಯ ಮೇಲೆ ನಿಂತಿರುವಂಥದು. ವೈದ್ಯರು ಎಡಿಎಚ್‌ಡಿ ಎಂದು ಕರೆಯುವ, ಅವಧಾನದ ನ್ಯೂನತೆಯೂ ಅತಿಚಾಂಚಲ್ಯವೂ ಕೂಡಿದ ಸ್ಥಿತಿಯೊಂದು ಬಾಲ್ಯದಲ್ಲಿ ಹುಟ್ಟಿ, ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದೆ, ಮೂವತ್ತು ನಲವತ್ತರ ಪ್ರಾಯದ ಗೃಹಸ್ಥನನ್ನೋ ಗೃಹಿಣಿಯನ್ನೋ ಕಾಡುತ್ತಿರುವಾಗ, ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಂಥ ತಾಲೂಕುಗಳಲ್ಲಿ ವಾಸಿಸುವವರು, ಖಾಸಗಿ ವೈದ್ಯರಿಗೆ ತೆರಲು ಹಣವಿಲ್ಲದವರು, ಸರಕಾರಿ ದವಾಖಾನೆಯ ಮುಖಾಂತರವೇ ಅದರ ಪರೀಕ್ಷೆಯನ್ನು ಮಾಡಿಸಿಕೊಳ್ಳುವ ದಾರಿ ಯಾವುದು, ಅದು ಎಲ್ಲಿ ಸುಗಮ, ಎಲ್ಲಿ ದುರ್ಗಮ, ಅದನ್ನು ಹೇಗೆ ನೇರ್ಪಡಿಸಬಹುದು ಎಂಬುದೇ ನನ್ನ ಪ್ರಸ್ತಾವ.

ಈ ಸ್ಥಿತಿಯು ನಮ್ಮ ಕಾಲದವರ ಕಲ್ಪನೆಯೆಂದು ತಿಳಿಯುವವರುಂಟು. ಆದರೆ ಸ್ಕಾಟ್ಲೆಂಡಿನ ವೈದ್ಯನಾದ ಅಲೆಕ್ಸಾಂಡರ್ ಕ್ರೈಟನ್ನನು 1798ರಷ್ಟು ಹಿಂದೆಯೇ, ಒಂದು ವಸ್ತುವಿನ ಮೇಲೆ ಮನಸ್ಸನ್ನು ಬೇಕಾದಷ್ಟು ಕಾಲ ನಿಲ್ಲಿಸಲಾರದ, ಹುಟ್ಟಿನೊಡನೆಯೇ ಬರಬಹುದಾದ ಅಶಕ್ತತೆಯನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಷ್ ಹಾಫ್‌ಮನ್ 1840ರ ದಶಕದಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲಿ ಊಟದ ಮೇಜಿನೆದುರು ಕುಳಿತಲ್ಲಿ ಕೂರಲಾರದ ಹುಡುಗನೊಬ್ಬನ ಚಿತ್ರವಿದೆ. 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯಲ್ಲಿ, ಗೋಲ್‌ಸ್ಟನ್ ಎಂಬ ವೈದ್ಯನ ದತ್ತಿಯಿಂದ ನಡೆದುಬಂದಿರುವ ಉಪನ್ಯಾಸಮಾಲೆಯಲ್ಲಿಯೇ, ಜಾರ್ಜ್ ಸ್ಟಿಲ್ ಎಂಬ ಶಿಶುವೈದ್ಯನು ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವಿಷಯವಾಗಿ ಮಾತನಾಡಿದನು. ಅಮೆರಿಕದ ಮನೋವೈದ್ಯರ ಸಂಘವು 1968ರ ತನ್ನ ಕೈಪಿಡಿಯಲ್ಲಿ ಇದನ್ನು ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆಯೆಂದು ದಾಖಲಿಸಿತು. 1980ರಲ್ಲಿ ಅವಧಾನವನ್ನೇ ಮುಖ್ಯಲಕ್ಷಣವೆಂದು ಪರಿಗಣಿಸಿ, ಬೆಳೆದ ಮೇಲೂ ಇದರ ಶೇಷ ಉಳಿಯಬಹುದೆಂದು ಒಪ್ಪಿಕೊಂಡಿತು. 2013ರ ಆವೃತ್ತಿಯಲ್ಲಿ ಪ್ರಾಯಸ್ಥರಿಗೆ ಪ್ರತ್ಯೇಕವಾದ ಮಾನದಂಡವನ್ನು ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣ ಜಾರಿಗೆ ಬಂದದ್ದು 2022ರಲ್ಲಿ.

ಈ ಇಸವಿಗಳನ್ನು ಪಾಂಡಿತ್ಯಪ್ರದರ್ಶನಕ್ಕಾಗಿ ಹೇಳಿದ್ದಲ್ಲ. ಇಂದು ನಮ್ಮ ತಾಲೂಕಿನ ದವಾಖಾನೆಗಳಲ್ಲಿ ಹಿರಿಯರೆನಿಸಿಕೊಂಡಿರುವ ವೈದ್ಯರು ವಿದ್ಯಾರ್ಥಿಗಳಾಗಿದ್ದಾಗ ಓದಿದ ಪಠ್ಯಗಳಲ್ಲಿ ಇದು ಬಹುತೇಕ ಬಾಲಕರ ರೋಗವಾಗಿತ್ತು. ಹುಡುಗನು ದೊಡ್ಡವನಾದಂತೆ ತಾನಾಗಿ ಇಳಿದುಹೋಗುವುದೆಂದು ಅವರಿಗೆ ಕಲಿಸಲಾಗಿತ್ತು. ಆದುದರಿಂದ ನಲವತ್ತು ವರ್ಷದ ಮನುಷ್ಯನೊಬ್ಬನು ಬಂದು ತನಗೆ ಈ ಸಂಶಯವಿದೆಯೆಂದಾಗ ಅವರು ಹುಬ್ಬೇರಿಸಿದರೆ, ಅದು ಅವರ ನಿರ್ದಯತೆಯೆಂದು ನಾವು ಭಾವಿಸಲಾಗದು. ಶಾಸ್ತ್ರವು ಮುಂದೆ ನಡೆದ ವೇಗಕ್ಕೆ ಸರಿಯಾಗಿ ಪುನಶ್ಚೇತನದ ತರಬೇತಿ ನಡೆದಿಲ್ಲವೆಂಬುದೇ ಅದರ ಕಾರಣ. ಹೊರದೇಶಗಳ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು ಎರಡೂವರೆ ಮಂದಿಗೆ ಈ ಸ್ಥಿತಿ ಇರುವುದೆಂದು ಅಂದಾಜು ಮಾಡಿದ್ದಾರೆ. ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 16 ಲಕ್ಷ. ಅದರಲ್ಲಿ ಪ್ರಾಯಸ್ಥರು 10 ಲಕ್ಷವೆಂದು ಸ್ಥೂಲವಾಗಿ ಹಿಡಿದು ಆ ಅಂದಾಜನ್ನೇ ಇಲ್ಲಿಗೆ ಅನ್ವಯಿಸಿದರೆ 25 ಸಾವಿರ ಜನರಾಗುತ್ತಾರೆ. ಅದರ ಅರ್ಧವೇ ನಿಜವೆಂದರೂ, ಇದು ಉಪೇಕ್ಷಿಸತಕ್ಕ ಸಂಖ್ಯೆಯೇ?

ಇನ್ನು, ಮೊಬೈಲು ಬಂದ ಮೇಲೆ ಎಲ್ಲರ ಲಕ್ಷ್ಯವೂ ಚದುರಿದೆ, ಅದಕ್ಕೊಂದು ರೋಗದ ಪಟ್ಟವೇಕೆ ಎಂಬ ಆಕ್ಷೇಪವನ್ನು ಸುಶಿಕ್ಷಿತರೇ ಎತ್ತುವರು. ಇದಕ್ಕೆ ಉತ್ತರವು ರೋಗನಿರ್ಣಯದ ನಿಯಮದಲ್ಲಿಯೇ ಇದೆ. ಲಕ್ಷಣಗಳು ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ, ಕೆಲಸಗಳಲ್ಲಿ ಎರಡಾದರೂ ಕಡೆ ತೋರಿಬರಬೇಕು. ಅವು ಜೀವನಕ್ಕೆ ನಿಜವಾದ ಬಾಧೆಯನ್ನು ಉಂಟುಮಾಡಿರಬೇಕು. ಬೇರೆ ಕಾಯಿಲೆಯಿಂದ ಅವನ್ನು ಇನ್ನೂ ಚೆನ್ನಾಗಿ ವಿವರಿಸಲು ಬರಬಾರದು. ಮೂವತ್ತನೆಯ ವಯಸ್ಸಿನಲ್ಲಿ ಮೊಬೈಲು ಕೊಂಡು ಮೂವತ್ತೊಂದರಲ್ಲಿ ಚಂಚಲನಾದವನು ಈ ನಿಯಮದೊಳಗೆ ಬರುವುದಿಲ್ಲ. ಮೊಬೈಲಿನ ಮಾತನ್ನು ಇಷ್ಟಕ್ಕೇ ಬಿಡುತ್ತೇನೆ.

ಸಭಾಸದರೆ, ಅಂಗದಲ್ಲಿ ಕಾಣುವ ಕೊರತೆಯನ್ನು ಗುರುತಿಸಿ, ಅದಕ್ಕೆ ತಕ್ಕ ಶಿಕ್ಷಣವನ್ನೂ ಆಶ್ರಯವನ್ನೂ ಕಲ್ಪಿಸಿಕೊಡುವ ವಿವೇಕವು ಈ ಸೀಮೆಗೆ ಹೊಸದಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಜನ್ಮಾಂಧರು. ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಕಂಠದಲ್ಲಿದ್ದ ಶಕ್ತಿಯನ್ನು ಕಂಡು, ಗುರುಗಳನ್ನು ಒದಗಿಸಿ, ಸಂಗೀತ ಕಲಿಸಿದರು. ಇದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು, ಅವರೂ ದೃಷ್ಟಿಹೀನರೇ, ಪಂಚಾಕ್ಷರ ಗವಾಯಿಗಳ ಆಶ್ರಯದಲ್ಲಿ ಬೆಳೆದು, ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧರ, ಅನಾಥರ ವಿದ್ಯಾಸ್ಥಾನವನ್ನಾಗಿ ನಡೆಸಿಕೊಂಡು ಹೋದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಣ್ಣಿಲ್ಲದ ಬಾಲಕನಿಗೆ 'ಕಣ್ಣು ತೆರೆದು ನೋಡು' ಎಂದು ಯಾರೂ ಗದರಿಸಲಿಲ್ಲ. ಕೊರತೆಯು ಪ್ರತ್ಯಕ್ಷವಾಗಿದ್ದುದರಿಂದ ದೂಷಣೆಗೆ ಅವಕಾಶವಿರಲಿಲ್ಲ, ಶಿಕ್ಷಣಕ್ಕೆ ಅವಕಾಶವಿತ್ತು. ಅವಧಾನದ ಕೊರತೆ ಅಪ್ರತ್ಯಕ್ಷವಾದುದು. ಅದಿರುವ ಹುಡುಗನಿಗೆ 'ಲಕ್ಷ್ಯ ಕೊಡು' ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ಕೊಡಲಾರದೆ ಹೋದಾಗ ಉಡಾಳನೆನ್ನುತ್ತೇವೆ. ಬೆಳೆದ ಮೇಲೆ ಅವನೇ ತನ್ನನ್ನು ಹಾಗೆ ಕರೆದುಕೊಳ್ಳಲು ಕಲಿತಿರುತ್ತಾನೆ.

ಇಂಥ ಮನುಷ್ಯನ ಪ್ರಾಯಕಾಲದ ಬದುಕನ್ನು ನಮ್ಮ ಸೀಮೆಯ ಕಸುಬುಗಳೊಳಗಿಟ್ಟು ನೋಡಬೇಕು. ಏಕೆಂದರೆ ಪರೀಕ್ಷೆಯ ಪ್ರಶ್ನಾವಳಿಗಳೆಲ್ಲ ಕಚೇರಿಯ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸಿದ್ಧವಾದ ಪ್ರಾಯಸ್ಥರ ಸ್ವಯಂವರದಿಯ ಪಟ್ಟಿಯಲ್ಲಿ 18 ಪ್ರಶ್ನೆಗಳಿವೆ. ಅವುಗಳಲ್ಲಿ ಮೊದಲ ಆರನ್ನು ಮಾತ್ರ ಕೇಳಿ ಸಂಶಯಕ್ಕೆ ಆಸ್ಪದವಿದೆಯೇ ಎಂದು ತಿಳಿಯುವ ರೂಢಿಯುಂಟು. ಹಿಡಿದ ಕೆಲಸದ ಕೊನೆಯ ಭಾಗವನ್ನು ಮುಗಿಸಲು ಕಷ್ಟವಾಗುತ್ತದೆಯೇ, ವಸ್ತುಗಳನ್ನು ಕ್ರಮವಾಗಿಡಲು ಕಷ್ಟವೇ, ಗೊತ್ತುಮಾಡಿಕೊಂಡ ಭೇಟಿ ಮರೆತುಹೋಗುತ್ತದೆಯೇ, ತಲೆಗೆ ಕೆಲಸ ಕೊಡುವ ಕಾರ್ಯವನ್ನು ಮುಂದೂಡುತ್ತೀರಾ, ಬಹಳ ಹೊತ್ತು ಕೂರಬೇಕಾದಾಗ ಕೈಕಾಲು ಆಡಿಸುತ್ತೀರಾ, ಯಂತ್ರದಿಂದ ನೂಕಿಸಿಕೊಂಡವರಂತೆ ಚಟುವಟಿಕೆಯಲ್ಲಿರುತ್ತೀರಾ ಎಂಬುದು ಅವುಗಳ ಸಾರ. ಇವನ್ನು ಹಿರೇಕೆರೂರು ಸೀಮೆಯ ರೈತನಿಗೆ ಇದ್ದಂತೆಯೇ ಕೇಳಿದರೆ ಅವನು 'ಇಲ್ಲ' ಎಂದಾನು. ಅವನ ದಿನಚರಿಯಲ್ಲಿ ಭೇಟಿಯ ವೇಳಾಪಟ್ಟಿ ಎಂಬುದೇ ಇಲ್ಲ. ಆದರೆ ಈ ಭಾಗದಲ್ಲಿ ಹತ್ತಿಯ ಬೀಜೋತ್ಪಾದನೆ ಬಲ್ಲವರೆಲ್ಲರಿಗೂ ತಿಳಿದಿರುವಂತೆ, ಕ್ರಾಸಿಂಗ್ ಕೆಲಸವು ಅತ್ಯಂತ ಕಠಿಣವಾದ ಅವಧಾನವನ್ನು ಬೇಡುವಂಥದು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಅದರ ಕೇಸರಗಳನ್ನು ಉಗುರಿನಿಂದ ಬಿಡಿಸಿ, ಗುರುತಿನ ಕಾಗದ ಹಾಕಿ, ಬೆಳಗಾದೊಡನೆ ಗಂಡುತಳಿಯ ಹೂವಿನ ಪರಾಗವನ್ನು ತಾಗಿಸಬೇಕು; ಒಂದು ಸಂಜೆ ತಪ್ಪಿದರೆ ಆ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟಿ, ಬೀಜದ ಶುದ್ಧತೆ ಕೆಡುತ್ತದೆ; ಕಂಪನಿಯವರು ಮಾಲನ್ನು ತಿರಸ್ಕರಿಸುತ್ತಾರೆ. ಆದುದರಿಂದ ಈ ಸೀಮೆಯ ವೈದ್ಯನು ಕೇಳಬೇಕಾದ ಪ್ರಶ್ನೆ ಬೇರೆ: ಸಾಲು ಹಿಡಿದು ಕ್ರಾಸಿಂಗ್ ಮಾಡುವಾಗ ನಡುವೆ ಬಿಟ್ಟುಹೋದ ಮೊಗ್ಗುಗಳೆಷ್ಟು ಎಂದು ನಿನ್ನ ಹೊಲದವರು ಹೇಳುತ್ತಾರೆ? ಮೋಟಾರು ಚಾಲೂ ಮಾಡಿ ಮರೆತು ಗದ್ದೆಯಿಂದಾಚೆ ನೀರು ಹರಿದದ್ದು ಎಷ್ಟು ಸಲ? ಸೊಸೈಟಿಯ ಬೆಳೆಸಾಲದ ನವೀಕರಣ, ಬೆಳೆವಿಮೆಯ ಕಡೆಯ ದಿನ, ಸಂಘದ ವಾರದ ಕಂತು, ಇವುಗಳಲ್ಲಿ ಹಣ ಕೈಯಲ್ಲಿದ್ದೂ ತಪ್ಪಿದವು ಯಾವುವು?

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ವಿಚಾರಿಸಬೇಕಾಗುತ್ತದೆ. ಅವರಲ್ಲಿ ಅತಿಚಲನೆಗಿಂತ ಅನವಧಾನವೇ ಹೆಚ್ಚಾಗಿ ಕಾಣುವುದರಿಂದ, ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯ ಮೇಲೆ ಯಾವ ಶಿಕ್ಷಕರೂ ದೂರು ಬರೆಯುವುದಿಲ್ಲ. ತೌರುಮನೆಯಲ್ಲಿ ತಾಯಿಯೂ ಅಕ್ಕಂದಿರೂ ಅವಳ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಿಕೊಡುತ್ತಿರುತ್ತಾರೆ. ಮದುವೆಯಾಗಿ ಗಂಡನ ಮನೆ ಸೇರಿ, ಒಲೆಯ ಮೇಲಿನ ಹಾಲು, ತೊಟ್ಟಿಲ ಮಗು, ದನಕರು, ಬಂದ ನೆಂಟರು ಎಲ್ಲವನ್ನೂ ಏಕಕಾಲದಲ್ಲಿ ನೆನಪಿಟ್ಟುಕೊಳ್ಳಬೇಕಾದ ದಿನ ಆಕೆಯ ಕೊರತೆ ಮೊದಲ ಸಲ ಬಯಲಾಗುತ್ತದೆ. ಆಗ ಅದನ್ನು ಸಂಸ್ಕಾರದ ಕೊರತೆಯೆಂದು ಅರ್ಥೈಸುವವರೇ ಎಲ್ಲರೂ. ವರ್ಷಗಟ್ಟಲೆ ಬೈಗುಳವನ್ನುಂಡ ಮೇಲೆ ಆಕೆ ದವಾಖಾನೆಗೆ ಬಂದರೆ ಬರುವುದು ತಲೆನೋವು, ನಿದ್ರಾಹೀನತೆ, ಕಾರಣವಿಲ್ಲದ ಅಳು ಇವುಗಳ ಹೆಸರಿನಲ್ಲಿ. ಖಿನ್ನತೆಗೆ ಗುಳಿಗೆ ದೊರೆಯುತ್ತದೆ, ಖಿನ್ನತೆಯೂ ನಿಜವೇ, ಅದರ ತಳದಲ್ಲಿರುವುದನ್ನು ಕೇಳುವವರಿಲ್ಲ.

ಪರೀಕ್ಷೆಯ ಸ್ವರೂಪವನ್ನು ಈಗ ಸ್ಪಷ್ಟಪಡಿಸಬೇಕು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಮೆದುಳಿನ ಛಾಯಾಚಿತ್ರವಾಗಲಿ ಇಲ್ಲ. ಸ್ಕ್ಯಾನು ಮಾಡಿಸಿದರೆ ಗೊತ್ತಾಗುತ್ತದೆಂದು ಹೇಳಿ ಹಣ ಪಡೆಯುವವರ ಮಾತನ್ನು ಯಾರೂ ನಂಬತಕ್ಕದ್ದಲ್ಲ. ರಕ್ತಪರೀಕ್ಷೆ ಬೇಕಾಗುವುದು ಇದೇ ಬಗೆಯ ಲಕ್ಷಣಗಳನ್ನು ತೋರಬಲ್ಲ ಥೈರಾಯ್ಡ್ ವಿಕಾರ, ರಕ್ತಹೀನತೆ ಮೊದಲಾದವುಗಳನ್ನು ಬದಿಗೆ ಸರಿಸುವುದಕ್ಕೆ. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ, ಅಪಸ್ಮಾರ, ಖಿನ್ನತೆ, ಉದ್ವೇಗ, ಉನ್ಮಾದ ಖಿನ್ನತೆಗಳ ಆವರ್ತನ, ಮದ್ಯದ ಚಟ, ಇವುಗಳನ್ನೂ ವಿಚಾರಿಸಬೇಕು. ಇವು ಈ ಸ್ಥಿತಿಯನ್ನು ಅನುಕರಿಸಬಹುದು, ಇದರ ಜೊತೆಗೂ ಇರಬಹುದು. ಅನವಧಾನದ ಒಂಬತ್ತು, ಅತಿಚಲನೆ ಮತ್ತು ದುಡುಕಿನ ಒಂಬತ್ತು ಲಕ್ಷಣಗಳಲ್ಲಿ ಯಾವುದಾದರೊಂದು ಗುಂಪಿನಲ್ಲಿ ಐದಾದರೂ ಪ್ರಾಯಸ್ಥನಲ್ಲಿ ಆರು ತಿಂಗಳಿನಿಂದ ಇರಬೇಕೆಂಬುದು ಅಮೆರಿಕದ ಕೈಪಿಡಿಯ ಗಣನೆ. ಆದರೆ ಈ ಗಣನೆಗಿಂತ ಮುಖ್ಯವಾದುದು ಜೀವನಚರಿತ್ರೆ. ಮನೋವೈದ್ಯರೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ ಎದುರಿಗೆ ಕುಳಿತು, ಬಾಲ್ಯದಿಂದ ಇಂದಿನವರೆಗಿನ ಕಥೆಯನ್ನು ಕೇಳಿ, ತಾಯಿಯನ್ನೋ ಹಿರಿಯಕ್ಕನನ್ನೋ ಸಾಕ್ಷಿಗೆ ಕರೆದು, ಶಾಲೆಯ ಕಾಗದಗಳನ್ನು ನೋಡಿ, ನಿರ್ಣಯಕ್ಕೆ ಬರಬೇಕು. ಇದಕ್ಕೆ ಬೇಕಾದ ಉಪಕರಣ ಯಾವುದೆಂದರೆ ಕಾಲ. ಒಂದು ಗಂಟೆ, ಎರಡು ಗಂಟೆ, ಕೆಲವೊಮ್ಮೆ ಎರಡು ಮೂರು ದಿನಗಳ ಭೇಟಿ. ಸರಕಾರಿ ದವಾಖಾನೆಯಲ್ಲಿ ಔಷಧಕ್ಕಿಂತಲೂ ದುರ್ಲಭವಾದ ವಸ್ತು ಅದೇ.

ಆ ದುರ್ಲಭತೆಗೆ ಚಾರಿತ್ರಿಕವಾದ ಕಾರಣವುಂಟು. ನಮ್ಮ ಸಾರ್ವಜನಿಕ ಮಾನಸಿಕ ವೈದ್ಯವು ಹುಟ್ಟಿದ್ದು ಬಂಧನಗೃಹವಾಗಿ. ಧಾರವಾಡದ ಆಸ್ಪತ್ರೆ, ಇಂದು ಡಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮುಂಬಯಿ ಸರಕಾರದ ಹುಚ್ಚಾಸ್ಪತ್ರೆಯಾಗಿ ಆರಂಭವಾದುದು. ಮನೋರೋಗಿಗಳ ಕುರಿತಾದ 1912ರ ಕಾಯದೆಯು ರೋಗಿಯನ್ನು ಎಲ್ಲಿಡಬೇಕು, ಯಾರ ಆಜ್ಞೆಯಿಂದ ಇಡಬೇಕೆಂಬುದರ ಕಾಯದೆಯಾಗಿತ್ತು. 1987ರ ಕಾಯದೆಯೂ ಬಹುಮಟ್ಟಿಗೆ ಆಸ್ಪತ್ರೆಯ ಒಳಗಿನವರ ಕಾಯದೆಯೇ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿದ ಮೇಲೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಂದು ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೆಲ್ಲ ಮಾದರಿಯಾಯಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು ಮನೋರೋಗಿಗಳನ್ನು ಅವರ ಊರಿನಲ್ಲಿಯೇ ಉಪಚರಿಸಬಹುದೆಂದು ಅಲ್ಲಿ ತೋರಿಸಿಕೊಟ್ಟರು. ಆದರೆ ಆ ತರಬೇತಿಯ ಲಕ್ಷ್ಯವಿದ್ದುದು ತೀವ್ರ ಮನೋವಿಕಾರ, ಖಿನ್ನತೆ, ಅಪಸ್ಮಾರ ಇಂಥವುಗಳ ಮೇಲೆ. ಅದು ಆ ಕಾಲಕ್ಕೆ ಸರಿಯಾದ ಆಯ್ಕೆಯೇ. ಮನೆ ಬಿಟ್ಟು ಓಡುವವನನ್ನು, ಪ್ರಾಣ ಕಳೆದುಕೊಳ್ಳಲು ಹೊರಟವನನ್ನು ಮೊದಲು ಕಾಪಾಡಬೇಕು. ಗದ್ದಲ ಮಾಡದೆ ಜೀವಮಾನವಿಡೀ ಸೋಲುತ್ತ ಬಂದವನಿಗೆ ಆ ವ್ಯವಸ್ಥೆಯಲ್ಲಿ ಸ್ಥಾನವೇ ಗೊತ್ತಾಗಿರಲಿಲ್ಲ.

ಕಾನೂನು ಈಗ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರಕಾರವು ನಡೆಸುವ ಅಥವಾ ಹಣ ಕೊಡುವ ಸೇವೆಗಳಿಂದ ಮಾನಸಿಕ ಆರೈಕೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದೂ, ಅದಕ್ಕಾಗಿ ಯಾರೂ ಬಹುದೂರ ಪ್ರಯಾಣ ಮಾಡಬೇಕಾಗಬಾರದೆಂದೂ, ಕನಿಷ್ಠಸೇವೆ ಪ್ರತಿ ಜಿಲ್ಲೆಯಲ್ಲಿಯೂ ಇರಬೇಕೆಂದೂ ಅದರ 18ನೆಯ ಕಲಮು ವಿಧಿಸುತ್ತದೆ. ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಈ ಸ್ಥಿತಿ ಸೇರುವುದೇ ಎಂದು ತಾರ್ಕಿಕರು ವಾದಿಸಬಹುದು. ಆದರೆ ಅದೇ ಕಾಯದೆಯು ನಿರ್ಣಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೇ ಮೊದಲಾದ ಅಂಗೀಕೃತ ಮಾನದಂಡಗಳಿಗನುಸಾರವಾಗಿ ಮಾಡಬೇಕೆಂದು ಹೇಳಿರುವಾಗ, ಆ ವರ್ಗೀಕರಣದೊಳಗೆ ಹೆಸರಿರುವ ಸ್ಥಿತಿಯೊಂದರ ಪರೀಕ್ಷೆಗೆ ಬಂದವನನ್ನು ಬಾಗಿಲಲ್ಲಿಯೇ ಹಿಂದಿರುಗಿಸಲು ಆಧಾರ ಯಾವುದು? ಸೇರುವುದೋ ಇಲ್ಲವೋ ಎಂಬುದು ಪರೀಕ್ಷೆಯಾದ ಮೇಲೆ ಹುಟ್ಟಬೇಕಾದ ಪ್ರಶ್ನೆ.

ಹಾಗಾದರೆ ಹಾನಗಲ್ಲಿನವನು ನಡೆಯಬೇಕಾದ ದಾರಿ ಯಾವುದು? ಮೊದಲು ತಾಲೂಕಿನ ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ಚೀಟಿ. ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡಬೇಕೆಂಬುದು ಕರ್ನಾಟಕ ಸರಕಾರದ ಮನೋಚೈತನ್ಯ ಕಾರ್ಯಕ್ರಮದ ಸಂಕಲ್ಪ. ಅಲ್ಲಿಂದ ಮುಂದೆ ಹಾವೇರಿಯ ಜಿಲ್ಲಾ ಆಸ್ಪತ್ರೆ, ಅಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ವಿಸ್ತಾರವಾದ ಮನಶ್ಶಾಸ್ತ್ರೀಯ ಪರೀಕ್ಷೆ ಬೇಕಾದರೆ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಇಲ್ಲವೆ ಧಾರವಾಡದ ಡಿಮ್ಹಾನ್ಸ್. ಎಲ್ಲಕ್ಕಿಂತ ಮೇಲೆ ಬೆಂಗಳೂರಿನ ನಿಮ್ಹಾನ್ಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯ 14416 ಎಂಬ ಸಂಖ್ಯೆಗೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಿ, ಎಲ್ಲಿಗೆ ಹೋಗಬೇಕೆಂದು ಉಚಿತವಾಗಿ ಕೇಳಿ ತಿಳಿಯಬಹುದು. ಕಾಗದದ ಮೇಲೆ ಈ ಮೆಟ್ಟಿಲುಗಳ ಸಾಲು ಸುಂದರವಾಗಿಯೇ ಇದೆ. ಆದರೆ ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆಂಬುದು ಬಹುವಾಗಿ ಉಲ್ಲೇಖಿತವಾದ ಲೆಕ್ಕ. ಆ ಸರಾಸರಿಯಲ್ಲಿ ಹಾವೇರಿ ಜಿಲ್ಲೆಯ ಪಾಲಿಗೆ ಹನ್ನೆರಡು ಮಂದಿ ಬರಬೇಕು. ಮನೋವೈದ್ಯರು ಹೆಚ್ಚಾಗಿ ನೆಲೆಸುವುದು ಮಹಾನಗರಗಳಲ್ಲಿ ಎಂಬುದನ್ನು ಬಲ್ಲವರಿಗೆ ಆ ಹನ್ನೆರಡರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನ್ನ ವಾದದ ಮರ್ಮಕ್ಕೆ ಬರುತ್ತೇನೆ. ಈ ದಾರಿಯಲ್ಲಿ ನಡೆಯಲು ಯಾವ ಗುಣಗಳು ಬೇಕು? ಸರಿಯಾದ ವಾರವನ್ನು ನೆನಪಿಡುವುದು, ಬೆಳಗಿನ ಬಸ್ಸನ್ನು ಹಿಡಿಯುವುದು, ಆಧಾರ್ ಕಾರ್ಡು, ರೇಶನ್ ಕಾರ್ಡು, ಹಿಂದಿನ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಟ್ಟಿರುವುದು, ಪಾಳಿಯಲ್ಲಿ ಗಂಟೆಗಟ್ಟಲೆ ತಾಳ್ಮೆಯಿಂದ ನಿಲ್ಲುವುದು, ಕರೆದಾಗ ಕ್ರಮವಾಗಿ ಹೇಳುವುದು, ಮೂರು ವಾರದ ಮೇಲೆ ಕೊಟ್ಟ ದಿನಕ್ಕೆ ಮತ್ತೆ ಬರುವುದು. ಯಾವ ಶಕ್ತಿಗಳ ಅಭಾವವನ್ನು ಪರೀಕ್ಷಿಸಿಕೊಳ್ಳಲು ಅವನು ಹೊರಟಿದ್ದಾನೋ ಆ ಶಕ್ತಿಗಳನ್ನೇ ದಾರಿಯು ಸುಂಕವಾಗಿ ಕೇಳುತ್ತದೆ. ಮೂರನೆಯ ಭೇಟಿಗೆ ಬಾರದವನ ಚೀಟಿಯ ಮೇಲೆ 'ಬರಲಿಲ್ಲ' ಎಂದು ಬರೆದು ಮುಚ್ಚುವುದು ಕಚೇರಿಯ ನ್ಯಾಯ. ವೈದ್ಯದ ನ್ಯಾಯದಲ್ಲಿ, ಬಾರದಿರುವುದೇ ಒಂದು ಲಕ್ಷಣವಾಗಿರಬಹುದಾದ ರೋಗಿಯ ವಿಷಯದಲ್ಲಿ, ನೆನಪಿನ ಭಾರವನ್ನು ವ್ಯವಸ್ಥೆಯೇ ಹೊರಬೇಕಾಗುತ್ತದೆ. ಕ್ಷಯರೋಗಿಯ ಔಷಧ ತಪ್ಪದಂತೆ ನೋಡುವ ಕೆಲಸವನ್ನು ನಮ್ಮ ಸರಕಾರವು ದಶಕಗಳಿಂದ ತಾನೇ ವಹಿಸಿಕೊಂಡಿದೆ. ಗರ್ಭಿಣಿಯ ತಪಾಸಣೆಯ ದಿನವನ್ನು ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಾಳೆ. ತತ್ತ್ವವು ಅಂಗೀಕೃತವಾದುದೇ, ವಿಸ್ತರಿಸುವುದಷ್ಟೇ ಉಳಿದಿದೆ.

ಧಾರವಾಡದಲ್ಲಿ ಮಾತ್ರ ಆಗತಕ್ಕದ್ದು ಯಾವುದು, ಹಾನಗಲ್ಲಿನಲ್ಲಿಯೇ ಆಗಬಹುದಾದುದು ಯಾವುದು ಎಂದು ಬೇರ್ಪಡಿಸಿ ನೋಡಿದರೆ, ಪರೀಕ್ಷೆಯ ಬಹುಭಾಗ ಊರಿನಲ್ಲಿಯೇ ಸಾಧ್ಯವೆಂದು ತೋರುತ್ತದೆ. ತಾಯಿ ಇರುವುದು ಊರಿನಲ್ಲಿ. ಕಲಿಸಿದ ಶಿಕ್ಷಕರು ನಿವೃತ್ತರಾಗಿ ಅದೇ ಓಣಿಯಲ್ಲಿ ಇರುತ್ತಾರೆ. ಹಳೆಯ ಕನ್ನಡ ಶಾಲೆಯ ದಾಖಲೆಗಳು, ಅಂಕಪಟ್ಟಿಗಳು, ಶಾಲೆ ಬಿಟ್ಟ ಪತ್ರ ಎಲ್ಲವೂ ಇಲ್ಲಿಯೇ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೂ, ರಕ್ತದೊತ್ತಡ ನಾಡಿಗಳನ್ನು ನೋಡುವುದಕ್ಕೂ ದೊಡ್ಡ ಊರು ಬೇಕಾಗಿಲ್ಲ. ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಎರಡು ಮಧ್ಯಾಹ್ನಗಳಲ್ಲಿ ಈ ಚರಿತ್ರೆಯನ್ನೆಲ್ಲ ಸಂಗ್ರಹಿಸಿ, ಈ ಸೀಮೆಯ ಮಾತಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಬರೆದು, ತಾಲೂಕಿನ ವೈದ್ಯರ ಪತ್ರದೊಡನೆ ಕಳುಹಿಸಿದರೆ, ಧಾರವಾಡದ ತಜ್ಞರು ಒಂದೇ ಭೇಟಿಯಲ್ಲಿ ನಿರ್ಣಯಕ್ಕೆ ಬರಲು ಅನುಕೂಲವಾದೀತು. ಇಂದಿನ ರೆಫರಲ್ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಾಲು. ಆ ಸಾಲಿನ ಬದಲು ನಾಲ್ಕು ಪುಟವನ್ನು ಕೊಂಡೊಯ್ದವನು ಕೂಲಿ ತಪ್ಪಿಸಿಕೊಂಡು ಮಾಡುವ ಎರಡು ಪ್ರಯಾಣಗಳನ್ನು ಉಳಿಸಿಕೊಳ್ಳುತ್ತಾನೆ. ವ್ಯವಸ್ಥೆ ಬದಲಾಗುವವರೆಗೆ, ಈ ನಾಲ್ಕು ಪುಟವನ್ನು ರೋಗಿಯ ಮನೆಯವರೇ ಬರೆದು ಸಿದ್ಧಪಡಿಸಬಹುದೆಂಬುದನ್ನೂ ಇಲ್ಲಿ ಸೂಚಿಸುತ್ತೇನೆ: ಹನ್ನೆರಡು ವರ್ಷದೊಳಗೆ ಹೇಗಿದ್ದನು, ಶಾಲೆಯಲ್ಲಿ ಏನು ಹೇಳುತ್ತಿದ್ದರು, ಬಿಟ್ಟ ಕೆಲಸಗಳು, ಬಿದ್ದ ಅಪಘಾತಗಳು, ನಿದ್ರೆ, ಚಟ, ವಂಶದಲ್ಲಿ ಇಂಥವರಾರಾದರೂ ಇದ್ದರೇ ಎಂಬ ಸಂಗತಿ. ಅವಳಿಮಕ್ಕಳ ಅಧ್ಯಯನಗಳಿಂದ ಈ ಸ್ಥಿತಿಯು ಬಹುಮಟ್ಟಿಗೆ ವಂಶಾನುಗತವೆಂದು ತಿಳಿದಿರುವುದರಿಂದ ಕಡೆಯ ಪ್ರಶ್ನೆ ಮಹತ್ತ್ವದ್ದು. ಎಷ್ಟೋ ತಂದೆತಾಯಿಗಳಿಗೆ ತಮ್ಮ ವಿಷಯ ಹೊಳೆಯುವುದೇ ಮಗುವಿನ ಪರೀಕ್ಷೆಯ ಹೊತ್ತಿಗೆ.

ನಿರ್ಣಯವಾದ ಮೇಲೆ ಔಷಧದ ಪ್ರಶ್ನೆ. ಇಲ್ಲಿ ದೂರವು ಮತ್ತೆ ಅಡ್ಡವಾಗುತ್ತದೆ. ಮೀಥೈಲ್‌ಫೆನಿಡೇಟ್ ಎಂಬುದು 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಯಾಂಡ್ರೊ ಪನಿಝೋನ್ ಎಂಬ ರಸಾಯನಜ್ಞನು ತಯಾರಿಸಿದ ಔಷಧ. ಇಂದಿಗೂ ಈ ಚಿಕಿತ್ಸೆಯಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ದುರುಪಯೋಗದ ಭಯದಿಂದ ನಮ್ಮ ದೇಶದಲ್ಲಿ ಅದು 1985ರ ಮಾದಕದ್ರವ್ಯ ಕಾಯದೆಯ ಪಟ್ಟಿಯಲ್ಲಿಯೂ, ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿಯೂ ಇದೆ. ವಿಶೇಷ ಪರವಾನಗಿಯುಳ್ಳ ಅಂಗಡಿಯವರೇ ಅದನ್ನು ಮಾರಬೇಕು. ವೈದ್ಯರ ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಕಾದಿಡಬೇಕು. 2020ರ ದೂರವೈದ್ಯ ಮಾರ್ಗಸೂಚಿಯ ಪ್ರಕಾರ ಇಂಥ ಔಷಧಗಳನ್ನು ದೂರವಾಣಿಯಲ್ಲೋ ವಿಡಿಯೋದಲ್ಲೋ ನೋಡಿ ಬರೆದುಕೊಡಲು ಬರುವುದಿಲ್ಲ. ನಿಯಮಗಳ ಉದ್ದೇಶ ಸಾಧುವಾದುದು. ಅವುಗಳನ್ನು ಸಡಿಲಿಸಬೇಕೆಂದು ನಾನು ಹೇಳಲಾರೆ. ಆದರೆ ಅವುಗಳ ಒಟ್ಟು ಪರಿಣಾಮವಾಗಿ, ಬೆಂಗಳೂರಿನವನಿಗೆ ಎರಡು ಬೀದಿಯಾಚೆ ದೊರೆಯುವ ಗುಳಿಗೆಗಾಗಿ ಶಿಗ್ಗಾವಿಯವನು ಹುಬ್ಬಳ್ಳಿಗೂ, ಹಿರೇಕೆರೂರಿನವನು ಇನ್ನೂ ದೂರಕ್ಕೂ ಅಲೆಯಬೇಕಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಔಷಧಾಲಯದಲ್ಲಿ ಇದರ ದಾಸ್ತಾನನ್ನು ನಿಯಮಬದ್ಧವಾಗಿ ಇಟ್ಟು, ತಿಂಗಳಿಗೊಮ್ಮೆ ಅಲ್ಲಿಯೇ ವೈದ್ಯರು ರೋಗಿಯನ್ನು ಮುಖತಃ ನೋಡಿ ಕೊಡುವುದರಿಂದ ಕಾನೂನಿಗೂ ಭಂಗವಿಲ್ಲ, ರೋಗಿಗೂ ಹಿತ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧವು ಉತ್ತೇಜಕ ವರ್ಗಕ್ಕೆ ಸೇರಿದುದಲ್ಲವಾದ್ದರಿಂದ ಈ ಕಟ್ಟುಗಳು ಅದಕ್ಕಿಲ್ಲ. ಎಲ್ಲರಿಗೂ ಅದು ಒಗ್ಗುವುದೆಂದಿಲ್ಲ, ಫಲ ಕಾಣಲು ವಾರಗಳು ಬೇಕು. ಔಷಧವೇ ಬೇಡವೆನ್ನುವವರಿಗೆ ದಿನಚರಿಯನ್ನು ಕಟ್ಟಿಕೊಳ್ಳುವ ಸಲಹೆಯೂ, ಮನೆಯವರಿಗೆ ತಿಳಿವಳಿಕೆಯೂ ಉಪಯುಕ್ತ. ತನಗೆ ಹೀಗಾಗುವುದೇಕೆಂದು ತಿಳಿದುದರಿಂದಲೇ ಅರ್ಧ ಆತ್ಮನಿಂದೆ ಇಳಿದುಹೋದವರುಂಟು.

ಇಷ್ಟೊಂದು ಅಭಾವದ ನಡುವೆ ಇದು ವಿಲಾಸವಲ್ಲವೇ, ತೀವ್ರರೋಗಿಗಳಿಗೇ ವೈದ್ಯರಿಲ್ಲದಿರುವಾಗ ಈ ಸೂಕ್ಷ್ಮಗಳಿಗೆ ಕಾಲವೆಲ್ಲಿ ಎಂಬ ಪ್ರಶ್ನೆಯನ್ನು ಗೌರವದಿಂದ ಎದುರಿಸಬೇಕು. ನನ್ನ ಸಮಾಧಾನವಿಷ್ಟೆ: ಈ ಜನರು ದವಾಖಾನೆಯ ಪಾಳಿಯಲ್ಲಿ ಈಗಾಗಲೇ ನಿಂತಿದ್ದಾರೆ. ಬೈಕಿನಿಂದ ಬಿದ್ದ ಮೂಳೆಮುರಿತದವನಾಗಿ, ಕುಡಿತ ಬಿಡಲಾರದವನಾಗಿ, ಗುಣವಾಗದ ಖಿನ್ನತೆಯವಳಾಗಿ ಅವರು ಮತ್ತೆ ಮತ್ತೆ ಬರುತ್ತಾರೆ. ಈ ಸ್ಥಿತಿಯುಳ್ಳವರಲ್ಲಿ ಅಪಘಾತ, ವ್ಯಸನ, ಆತ್ಮಹತ್ಯೆಯ ಯತ್ನಗಳು ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ಹೇಳಿವೆ. ಚಿಕಿತ್ಸೆಯ ತಿಂಗಳುಗಳಲ್ಲಿ ಗಂಡಸರ ವಾಹನಾಪಘಾತಗಳು ಇಳಿದುದನ್ನು ಸ್ವೀಡನ್ನಿನ ದಾಖಲೆಗಳನ್ನು ಪರಿಶೀಲಿಸಿದವರು ಕಂಡಿದ್ದಾರೆ. ಅಂದಮೇಲೆ ಇವರಿಗಾಗಿ ವೈದ್ಯರ ಕಾಲ ಈಗಲೂ ವ್ಯಯವಾಗುತ್ತಲೇ ಇದೆ, ಬೇರೆ ಬೇರೆ ಖಾತೆಗಳಲ್ಲಿ. ಸಿರಿವಂತ ದೇಶಗಳೂ ಇದರಲ್ಲಿ ಗೆದ್ದಿಲ್ಲವೆಂಬುದನ್ನು ಮರೆಯಲಾಗದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಈ ಪರೀಕ್ಷೆಗಾಗಿ ವರ್ಷಗಟ್ಟಲೆ ಕಾಯುವ ಪ್ರದೇಶಗಳು ಎಷ್ಟೋ ಇವೆ. ಎಲ್ಲವನ್ನೂ ತಜ್ಞನ ಬಾಗಿಲಿಗೇ ಒಯ್ದು ನಿಲ್ಲಿಸಿದುದು ಅದಕ್ಕೊಂದು ಕಾರಣವೆಂದು ನನ್ನ ಭಾವನೆ. ನಾವು ಇನ್ನೂ ದಾರಿಯನ್ನು ಹಾಕುತ್ತಿರುವವರಾದ್ದರಿಂದ ಆ ತಪ್ಪನ್ನು ಪುನಃ ಮಾಡಬೇಕಾದ ಅಗತ್ಯವಿಲ್ಲ.

ಅಂಗವೈಕಲ್ಯದ ಪ್ರಮಾಣಪತ್ರದ ಆಸೆಯಿಂದ ಜನ ಮುಗಿಬೀಳುವರೆಂಬ ಭಯವೂ ನಿರಾಧಾರವಾದುದು. 2016ರ ಅಂಗವಿಕಲರ ಹಕ್ಕುಗಳ ಕಾಯದೆಯು ಹೆಸರಿಸುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಇವೆ, ಅವಧಾನನ್ಯೂನತೆ ಪ್ರತ್ಯೇಕವಾಗಿ ಇಲ್ಲ. ಪರೀಕ್ಷೆಗೆ ಬರುವವನು ಪಿಂಚಣಿಯನ್ನಾಗಲಿ ಮೀಸಲಾತಿಯನ್ನಾಗಲಿ ನಿರೀಕ್ಷಿಸಿ ಬರುತ್ತಿಲ್ಲ. ಉತ್ತರವೊಂದನ್ನು ಕೇಳಲು ಬರುತ್ತಾನೆ. ಆ ಉತ್ತರ 'ಇಲ್ಲ' ಎಂದಾದರೂ, ಹಾಗಾದರೆ ಇರುವುದೇನು ಎಂಬುದನ್ನು ತಿಳಿಸಿಯೇ ಅವನನ್ನು ಕಳುಹಿಸಬೇಕು.

ಮೊದಲು ಸೂಚಿಸಿದಂತೆ ಆಶಾ ಕಾರ್ಯಕರ್ತೆಯ ಮೂಲಕ ಭೇಟಿಯ ದಿನವನ್ನು ನೆನಪಿಸುವ ಏರ್ಪಾಟಿಗೆ ಒಂದು ಎಚ್ಚರಿಕೆ ಅವಶ್ಯ. ಮಾನಸಿಕ ಆರೋಗ್ಯದ ವಿಷಯವು ಗೋಪ್ಯವೆಂದು 2017ರ ಕಾಯದೆಯು ಸಾರಿದೆ; ನಮ್ಮ ಊರುಗಳಲ್ಲಿ ಮದುವೆಯ ಮಾತುಕತೆಯಿಂದ ಹಿಡಿದು ಜಮೀನಿನ ಪಾಲಿನವರೆಗೆ ಇಂಥ ಸುದ್ದಿಯು ಹಾನಿ ಮಾಡಬಲ್ಲುದು. ಆದುದರಿಂದ ಮೊದಲನೆಯ ದಿನವೇ ರೋಗಿಯನ್ನು ಕೇಳಿ, ನೆನಪಿಸುವವರು ಯಾರಾಗಬೇಕು, ಮನೆಗೆ ಬರಬಹುದೇ, ಕರೆ ಸಾಕೇ, ಹೆಂಡತಿಗೆ ಹೇಳಬಹುದೇ, ಅಣ್ಣನಿಗೆ ಹೇಳಬಾರದೇ ಎಂಬುದನ್ನು ಅವನ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳತಕ್ಕದ್ದು. ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನೂ ಅದೇ ಕಾಯದೆ ಕೊಟ್ಟಿರುವುದರಿಂದ, ಧಾರವಾಡದಲ್ಲಿ ಆದ ನಿರ್ಣಯದ ಒಂದು ಪ್ರತಿಯನ್ನು ರೋಗಿಯ ಕೈಗೂ, ಅವನು ಒಪ್ಪಿದರೆ ಇನ್ನೊಂದನ್ನು ತಾಲೂಕು ಆಸ್ಪತ್ರೆಗೂ ಕಳುಹಿಸಬೇಕು. ಚೀಟಿಯನ್ನು ಅವನು ಬಸ್ಸಿನಲ್ಲಿಯೇ ಮರೆತು ಇಳಿದರೂ, ಮರುವಾರ ಹಾನಗಲ್ಲಿನ ವೈದ್ಯರು ಕಡತವನ್ನು ತೆರೆದು, ಮೊದಲಿನಿಂದ ಮತ್ತೆ ಕೇಳದೆ, ಅಲ್ಲಿಂದ ಮುಂದಕ್ಕೆ ಚಿಕಿತ್ಸೆಯನ್ನು ನಡೆಸಲು ಸಾಧ್ಯವಾಗಬೇಕು.